ಸನ್ನೆ ತಿಳಿಯದವರ ಮನೆ

ಮೂವತ್ತೊಂದು ವರ್ಷ ನಾನು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ನಡುವೆ ಎಷ್ಟು ಮುಖ ನೋಡಿದ್ದೇನೆಂದು ದೇವರಿಗೇ ಗೊತ್ತು. ಮುಖ ನೋಡಿ ಮನಸ್ಸು ಓದುವುದರಲ್ಲಿ ಈ ದುಂಡಪ್ಪನನ್ನು ಮೀರಿಸುವವರು ನಮ್ಮ ತಾಲೂಕಿನಲ್ಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಕಿಟಕಿಯಿಂದ ಬಹಳ ಆಸಕ್ತಿಯಿಂದ ಹೊಲ ನೋಡುತ್ತಿರುವವನು ಟಿಕೆಟ್ ತೆಗೆದಿಲ್ಲ. ನಾನು ಕೇಳುವ ಮೊದಲೇ "ಚಿಲ್ರಿ ಇಲ್ರಿ" ಎನ್ನುವವನ ಕಿಸೆಯಲ್ಲಿ ಚಿಲ್ಲರೆ ಇದೆ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕುಳಿತು ನಡುವೆ ಚೀಲ ಇಟ್ಟುಕೊಂಡರೆ ಅವರ ಮನೆಯ ಸುದ್ದಿ ನನಗೆ ಮತ್ತೊಬ್ಬರು ಹೇಳಬೇಕಿಲ್ಲ.

ಇಂಥ ನನಗೆ ಗಂಟುಬಿದ್ದವಳು ಸಾವಿತ್ರೆವ್ವ. ನನ್ನ ಹೆಂಡತಿ. ಒಳ್ಳೆಯ ಹೆಂಗಸು, ಕೈಯಲ್ಲಿ ರುಚಿ ಇದೆ, ಮೈಯಲ್ಲಿ ಸೋಮಾರಿತನ ಇಲ್ಲ. ಆದರೆ ಸನ್ನೆ ಮಾತ್ರ ತಿಳಿಯುವುದಿಲ್ಲ. ರಾಮದುರ್ಗದಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಮದುವೆಗೆ ಹೋಗಿದ್ದೆವು. ಊಟಕ್ಕೆ ನಮ್ಮನ್ನು ಕೈ ತೊಳೆಯುವ ನಲ್ಲಿಯ ಹತ್ತಿರ, ಕಟ್ಟಕಡೆಯ ಸಾಲಿನಲ್ಲಿ ಕೂರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವಳು, "ಚಲೋ ಆತ ನೋಡ್ರಿ, ಉಂಡ ಕೂಡ್ಲೆ ಕೈ ತೊಳಕೋಬಹುದು" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು. ನಾನು ಅರ್ಧ ಊಟಕ್ಕೆ ಎದ್ದೆ. ನಾನು ಎದ್ದದ್ದನ್ನು ಯಾರೂ ಗಮನಿಸಲಿಲ್ಲ, ಅದು ಬೇರೆ ಮಾತು.

ನಮ್ಮ ಊರು ಸಂಗೊಳ್ಳಿಯಿಂದ ಬಹಳ ದೂರವೇನಲ್ಲ. ಎರಡು ಓಣಿಗಳು: ಮೇಲಿನ ಓಣಿ, ಕೆಳಗಿನ ಓಣಿ. ಎರಡು ವರ್ಷದ ಹಿಂದೆ ಊರಿಗೆ ಒಂದು ಬಸ್ ತಂಗುದಾಣ ಮಂಜೂರಾಯಿತು. ಹನುಮಪ್ಪನ ಗುಡಿಯ ಹತ್ತಿರ ಕಟ್ಟಬೇಕೆಂದು ಮೇಲಿನ ಓಣಿಯವರು, ಹಾಲಿನ ಡೇರಿಯ ಹತ್ತಿರ ಕಟ್ಟಬೇಕೆಂದು ಕೆಳಗಿನವರು. ಗುಡಿಗೂ ಡೇರಿಗೂ ನಡುವೆ ನೂರಾ ಎಂಬತ್ತು ಹೆಜ್ಜೆ. ನಾನೇ ಅಳೆದಿದ್ದೇನೆ. ಈ ನೂರಾ ಎಂಬತ್ತು ಹೆಜ್ಜೆಗಾಗಿ ಕಲ್ಲು ತೂರಾಡಿದೆವು, ಹನ್ನೊಂದು ತಲೆ ಒಡೆದವು, ಬೈಲಹೊಂಗಲದ ಕೋರ್ಟಿನಲ್ಲಿ ಕೇಸು ಬಿತ್ತು. ತಂಗುದಾಣ ಎಲ್ಲಿಯೂ ಕಟ್ಟಲಿಲ್ಲ. ಬಸ್ಸು ಈಗ ಎರಡೂ ಕಡೆ ನಿಲ್ಲುತ್ತದೆ, ಜನ ಎರಡೂ ಕಡೆ ಬಿಸಿಲಿನಲ್ಲಿ ನಿಲ್ಲುತ್ತಾರೆ. ಚಹಾದಂಗಡಿ ಎರಡಾದವು, ಚೌತಿಯ ಗಣಪತಿ ಎರಡಾದವು, ಮುಂಜಾನೆ ಶುಭೋದಯ ಹೇಳುವ ಮೊಬೈಲ್ ಗುಂಪುಗಳೂ ಎರಡಾದವು. ಕೋರ್ಟಿನ ತಾರೀಖಿಗೆ ಹೋಗುವ ಬಸ್ಸು ಮಾತ್ರ ಒಂದೇ. ವಾದಿಗಳೂ ಪ್ರತಿವಾದಿಗಳೂ ಅದೇ ಎಂಟೂವರೆಯ ಬಸ್ಸಿನಲ್ಲಿ ಹೋಗುತ್ತೇವೆ. ಮುಂದಿನ ಸೀಟುಗಳಲ್ಲಿ ಅವರು, ಹಿಂದಿನ ಸೀಟುಗಳಲ್ಲಿ ನಾವು.

ಕೆಳಗಿನ ಓಣಿಯ ಮುಖಂಡ ಮಲಕಾಜಪ್ಪ. ನನ್ನ ಬೀಗ. ನನ್ನ ಒಬ್ಬಳೇ ಮಗಳು ಉಮಾಶ್ರೀಯನ್ನು ಅವನ ಮಗ ಕಲ್ಮೇಶನಿಗೆ ಕೊಟ್ಟಿದ್ದೇನೆ. ನಾನೂ ಮಲಕಾಜಪ್ಪನೂ ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವರು. ಜಗಳದ ದಿನ, ಬಸ್ಸಿನ ಕಾಯಿದೆ ಬಲ್ಲವನೆಂದು ಮೇಲಿನ ಓಣಿಯವರು ನನ್ನನ್ನು ಮುಂದೆ ನಿಲ್ಲಿಸಿದರು. ನಾನು ಎರಡು ಮಾತಾಡುವಷ್ಟರಲ್ಲಿ ಅವನು ಎಲ್ಲರೆದುರು, "ಬಸ್ಸಿನ್ಯಾಗ ಸೀಟಿ ಊದಿದಾಂವ ಊರಾಗ ಊದಾಕ ಬರಬ್ಯಾಡ" ಎಂದ. ನಾನೂ ಸುಮ್ಮನಿರಲಿಲ್ಲ. ಏನೆಂದೆ ಎಂಬುದು ಕೋರ್ಟಿನ ಕಾಗದದಲ್ಲಿ ಇದೆ, ಇಲ್ಲಿ ಬರೆಯುವಂಥದ್ದಲ್ಲ. ಅಂದಿನಿಂದ ಮಾತು ನಿಂತಿತು.

ಮಗಳೂ ಬರುವುದು ನಿಂತಿತು. ಹೋಗಬೇಡ ಎಂದು ಅವರು ಹೇಳಲಿಲ್ಲ, ಬಾ ಎಂದು ನಾನೂ ಹೇಳಲಿಲ್ಲ. ಎರಡು ಪಂಚಮಿ ಹೋದವು. ಊರೂರಿನಿಂದ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಜೀಕಿ ಹೋದರು. ನನ್ನ ಮಗಳು ನೂರಾ ಎಂಬತ್ತು ಹೆಜ್ಜೆಯಾಚೆ ಇದ್ದು ಬರಲಿಲ್ಲ. ಯಾರು ಮೊದಲು ಕರೆಯಬೇಕೆಂಬುದಕ್ಕೆ ಒಂದು ರೀತಿ ಇದೆ. ಅವರ ಕಡೆಯಿಂದ ಒಂದು ಸನ್ನೆ ಬರಲಿ, ಆಮೇಲೆ ನೋಡೋಣವೆಂದು ನಾನು ಕಾದೆ. ಸಾವಿತ್ರೆವ್ವ ಮಗಳ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಫೋನು ಮುಟ್ಟಲಿಲ್ಲ. ಮನಸ್ಸಿಗೆ ಬಹಳ ಸಂಕಟವಾಗುತ್ತಿತ್ತು, ಅದನ್ನು ಸುಳ್ಳು ಹೇಳುವುದಿಲ್ಲ.

ಒಂದು ದಿನ ಮೀನಾ ಬಂದಳು. ಊರಿನ ಆಶಾ ಕಾರ್ಯಕರ್ತೆ. ಗುಳಿಗೆ, ಸೂಜಿ, ತೂಕದ ಪುಸ್ತಕ ಹಿಡಿದುಕೊಂಡು ಎರಡೂ ಓಣಿ ತಿರುಗುವವಳು ಅವಳೊಬ್ಬಳೇ.

"ಕಾಕಾ, ನೀವು ಅಜ್ಜ ಆಗಾಕ ಹತ್ತೀರಿ. ಉಮಾಶ್ರೀಗ ಐದರಾಗ ಬಿದ್ದೈತಿ. ಕಾಕಿ ಹೇಳಿಲ್ಲೇನು?"

ಕಾಕಿ ಹೇಳಿರಲಿಲ್ಲ. ಒಳಗೆ ನೋಡಿದೆ. ಸಾವಿತ್ರೆವ್ವ ಹಸಿರು ಬಳೆಯ ಡಜನ್‌ಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲಿ ಕುಬಸ ಮಾಡುತ್ತಾರೆ, ಹಸಿರು ಸೀರೆ ಉಡಿಸಿ ಆರತಿ ಎತ್ತುತ್ತಾರೆ. ಅದಾದ ಮೇಲೆ ತಂದೆ ಹೋಗಿ ಮಗಳನ್ನು ಕರೆದುಕೊಂಡು ಬರುತ್ತಾನೆ. ಹಾಗೆ ಬರದಿದ್ದರೆ ಆ ಹುಡುಗಿಗೆ ತವರಿಲ್ಲ ಎಂದೇ ಲೆಕ್ಕ. ನನ್ನ ಮಗಳು ತವರಿಲ್ಲದವಳಂತೆ ಹೆರಬೇಕೇ? ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಆದರೂ ಸಾವಿತ್ರೆವ್ವನಿಗೆ ಸ್ಪಷ್ಟವಾಗಿ ಹೇಳಿದೆ: "ಅವರು ಹೇಳಿ ಕಳಸಲಿ. ಅಲ್ಲಿಮಟಾ ಯಾರೂ ಹೋಗೂದು ಬ್ಯಾಡ."

"ಹೂಂ" ಎಂದಳು. ಮೂರನೆಯ ದಿನ ಹೋದಳು.

ಅವಳು ಹೋದದ್ದು ಕಳ್ಳ ಕುಬಸಕ್ಕೆ. ಏಳನೇ ತಿಂಗಳಿನ ದೊಡ್ಡ ಕುಬಸದ ಮೊದಲು, ಐದನೇ ತಿಂಗಳಲ್ಲಿ, ಬಸುರಾದ ಸುದ್ದಿ ಊರಿಗೆ ಬಿಡದೆ ತಾಯಿ ಗುಟ್ಟಾಗಿ ಹೋಗಿ ಮಗಳಿಗೆ ಬಳೆ ಇಡಿಸಿ, ಬಯಕೆಯ ಬುತ್ತಿ ಉಣಿಸಿ ಬರುವ ಪದ್ಧತಿ ಇದೆ. ಗುಟ್ಟು ಎಂದರೆ ಏನು? ಮಟಮಟ ಮಧ್ಯಾಹ್ನ, ತಲೆಯ ಮೇಲೆ ಬುತ್ತಿಯ ಬುಟ್ಟಿ, ಹಿಂದೆ ಇಬ್ಬರು ಮುತ್ತೈದೆಯರು, ಎರಡೂ ಚಹಾದಂಗಡಿಗಳ ಮುಂದಿನಿಂದಲೇ ಹೋಗುವುದು. ಎಲ್ಲರೂ ನೋಡಿದರು, ಯಾರೂ ನೋಡಲಿಲ್ಲ. ಕಳ್ಳ ಕುಬಸವನ್ನು ಕಂಡೆ ಎನ್ನುವಂತಿಲ್ಲ. ಜಗಳ ಮಾಡುವವರಿಗೂ ಅಷ್ಟು ಮರ್ಯಾದೆ ಇತ್ತು.

ಬಂದವಳನ್ನು ಕೂರಿಸಿಕೊಂಡು ಕೇಳಿದೆ. ಕೈಕಾಲಿಗೆ ನೀರು ಕೊಟ್ಟರೋ? ಇಲ್ಲ. ಜಮಖಾನ ಹಾಸಿದರೋ? ಇಲ್ಲ, ಗೋಣಿತಟ್ಟು ಹಾಸಿದರು, ಕರು ಕಟ್ಟುವ ಕಡೆ. ಚಹಾ? ಸ್ಟೀಲಿನ ಲೋಟದಲ್ಲಿ, ಅರ್ಧ.

"ಚಲೋ ಮಾಡಿದ್ರು" ಎಂದಳು ಸಾವಿತ್ರೆವ್ವ. "ಅಲ್ಲೆ ಗಾಳಿ ಭಾಳ ಚಲೋ ಬರತೈತ್ರಿ. ಒಳಗ ಕುಂತ್ರ ಬೆವರ ಕಿತ್ತತಿತ್ತು."

ಮೂರು ದಿನದ ಮೇಲೆ ಮೀನಾಳ ಕೈಯಲ್ಲಿ ನಮ್ಮ ಡಬ್ಬಿ ಮರಳಿ ಬಂತು. ಶೇಂಗಾ ಹೋಳಿಗೆ ಒಯ್ದಿದ್ದ ದೊಡ್ಡ ಸ್ಟೀಲಿನ ಡಬ್ಬಿ, ಮುಚ್ಚಳದ ಮೇಲೆ ನನ್ನ ಹೆಸರು ಕೊರೆಸಿದ್ದು. ತೆರೆದೆ. ಖಾಲಿ. ಬೂದಿ ಹಚ್ಚಿ ತಿಕ್ಕಿ ಥಳಥಳ ಮಾಡಿ ಕಳಿಸಿದ್ದರು. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಖಾಲಿ ಕಳಿಸುವುದಿಲ್ಲ. ಏನೂ ಇಲ್ಲವೆಂದರೆ ಒಂದು ಚಿಟಿಕೆ ಸಕ್ಕರೆ, ಒಂದು ಬೆಲ್ಲದ ಚೂರು ಇರಲೇಬೇಕು. ಖಾಲಿ ಡಬ್ಬಿ ಎಂದರೆ ಇನ್ನು ನಿಮಗೂ ನಮಗೂ ಸಂಬಂಧ ಸಾಕು ಎಂದು ಅರ್ಥ.

"ಮುಗೀತು. ತಿಳೀತೇನ ನಿನಗ?"

ಅವಳು ಡಬ್ಬಿಯೊಳಗೆ ಇಣುಕಿದಳು. "ಹೋಳಿಗಿ ರುಚಿ ಹತ್ತಿರಬೇಕ್ರಿ. ಎಲ್ಲಾ ಖಾಲಿ ಮಾಡ್ಯಾರ. ನಾಳೆ ಮಾದ್ಲಿ ಮಾಡತೇನಿ" ಎಂದು ಗೋದಿ ಆರಿಸಲು ಕುಳಿತಳು. ಇಂಥವಳ ಜೊತೆ ಏನು ಸಂಸಾರ ಮಾಡುವುದು ಹೇಳಿ.

ಮಾದಲಿ ಹೋಯಿತು, ಡಬ್ಬಿ ಖಾಲಿ ಬಂತು. ಕರಿಗಡಬು ಹೋದವು, ಡಬ್ಬಿ ಬರಲೇ ಇಲ್ಲ. "ಪಾಪ, ಕೆಲಸದಾಗ ಮರ್ತಾರ" ಎಂದು ಇನ್ನೊಂದು ಡಬ್ಬಿ ತುಂಬಿಕೊಂಡು ಹೋಗಿ ಎರಡನ್ನೂ ಅಲ್ಲೇ ಬಿಟ್ಟು ಬಂದಳು. ಊರಲ್ಲಿ ನಗೆಪಾಟಲಾಯಿತು. ನಮ್ಮ ಓಣಿಯ ಮುಖಂಡ ಗುರುನಾಥ ಚಹಾದಂಗಡಿಯಲ್ಲಿ ಎಲ್ಲರೆದುರು, "ಕಂಡಕ್ಟರ್ ಸಾಹೇಬ್ರ, ನಿಮ್ಮ ಮನಿಯಿಂದ ಕೆಳಗಿನ ಓಣಿಗೆ ಹೊಸ ಬಸ್ ಬಿಟ್ಟೀರಂತಲ್ಲ" ಎಂದ. ನಾನು ಚಹಾ ಕುಡಿಯದೆ ಎದ್ದು ಬಂದೆ.

ಆ ತಿಂಗಳ ತಾರೀಖಿಗೆ ಬಸ್ಸಿನಲ್ಲಿ ಹೊರಟಾಗ ನಡೆದದ್ದನ್ನು ಹೇಳಬೇಕು. ಬಸ್ಸು ತುಂಬಿತ್ತು. ನನ್ನ ಪಕ್ಕದ ಒಂದು ಸೀಟು ಮಾತ್ರ ಖಾಲಿ. ಮಲಕಾಜಪ್ಪ ಹತ್ತಿದ, ಸೀಟು ನೋಡಿದ, ನನ್ನನ್ನು ನೋಡಿದ, ಕಂಬಿ ಹಿಡಿದು ನಿಂತೇ ಬಿಟ್ಟ. ಬೈಲಹೊಂಗಲದವರೆಗೂ ನಿಂತ. ಇದಕ್ಕಿಂತ ಸ್ಪಷ್ಟ ಸನ್ನೆ ಬೇಕೇ? ಆ ಸೀಟಿನ ಮೇಲೆ ನಾನು ನನ್ನ ಚೀಲ ಇಟ್ಟೆ, ಅವನಿಗೆ ಕಾಣುವಂತೆ. ಮರುದಿನ ಮೀನಾಳ ಮುಂದೆ ಈ ಮಾತು ಬಂತು.

"ಅಯ್ಯ ಕಾಕಾ, ಅವರಿಗೆ ಕೂಡೂ ಜಾಗಾದಾಗ ಕುರು ಆಗಿತ್ತು. ನಾನ ಮಲಾಮು ಕೊಟ್ಟೇನಿ."

"ಕುರು ಆದಾವರು ನಿಲ್ಲೂ ರೀತಿ ಬ್ಯಾರೆ, ಅಂವ ನಿಂತ ರೀತಿ ಬ್ಯಾರೆ" ಎಂದೆ. ಮೀನಾ ನನ್ನ ರಕ್ತದೊತ್ತಡ ನೋಡಿ ಹೋದಳು.

ಆರನೆಯ ತಿಂಗಳು ಮುಗಿಯುತ್ತ ಬಂದಾಗ ಒಂದು ಡಬ್ಬಿ ಮರಳಿತು. ಈ ಸಲ ಖಾಲಿ ಇರಲಿಲ್ಲ. ತಳದಲ್ಲಿ ಒಂದು ಮುಷ್ಟಿ ಜೋಳ. ಸಾವಿತ್ರೆವ್ವನ ಮುಖ ಅರಳಿತು, "ನೋಡ್ರಿ, ತುಂಬಿ ಕಳಿಸ್ಯಾರ" ಎಂದಳು. ನನಗೆ ತಲೆ ಕೆಟ್ಟಿತು. ಮುಷ್ಟಿ ಜೋಳ ಯಾರಿಗೆ ಹಾಕುತ್ತಾರೆ? ಬಾಗಿಲಿಗೆ ಬಂದ ಭಿಕ್ಷುಕರಿಗೆ. "ಭಿಕ್ಷಾ ಹಾಕ್ಯಾರಲೇ, ಭಿಕ್ಷಾ!" ಎಂದು ಓಣಿಗೆ ಕೇಳುವಂತೆ ಕೂಗಾಡಿದೆ. ಅವಳು ಜೋಳವನ್ನು ಮೊರಕ್ಕೆ ಸುರಿದುಕೊಂಡು ಒಳಗೆ ಹೋದಳು.

ಏಳನೆಯ ತಿಂಗಳು ಬಿತ್ತು. ಕುಬಸಕ್ಕೆ ಕರೆ ಬರಲಿಲ್ಲ. ಒಂದು ಮುಂಜಾನೆ ಸಾವಿತ್ರೆವ್ವ ನನ್ನ ಇಸ್ತ್ರಿ ಮಾಡಿದ ಧೋತರ, ಅಂಗಿ ತಂದು ಕಾಟಿನ ಮೇಲೆ ಇಟ್ಟಳು.

"ಹೆಂಗಸರು ಮಾಡೂದು ನಾ ಮಾಡಿ ಮುಗಿಸೇನ್ರಿ. ಇನ್ನ ಮಗಳನ್ನ ಕೊಡ್ರಿ ಅಂತ ಕೇಳೂದು ತಂದಿ ಕೆಲಸ. ಇವತ್ತ ಹೋಗಿ ಕೇಳ್ರಿ."

"ಹೆಂಗ ಹೋಗ್ಲಿ? ಅವರ ಕಡಿಂದ ಒಂದ ಚಲೋ ಸನ್ನಿ ಬಂದೈತೇನು? ನಿನಗ ತಿಳಿಯೂದಿಲ್ಲ, ನನಗ ತಿಳೀತೈತಿ."

ಅವಳು ನಿಂತಲ್ಲೇ ನಿಂತಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳ ಮುಖ ಹಾಗೆ ಆಗಿದ್ದನ್ನು ನಾನು ನೋಡಿರಲಿಲ್ಲ.

"ನನಗ ತಿಳಿಯೂದಿಲ್ಲ ಅಂದ್ಕೊಂಡೀರಿ? ಕೇಳ್ರಿ ಹಂಗಾರ. ಗೋಣಿತಟ್ಟು ಹಾಸಿದ್ರು ಅಂದ್ನಲ್ಲ, ಅದು ಹಸಿ ಇತ್ತು. ಕರಾ ಉಚ್ಚಿ ಹೊಯ್ದಿತ್ತು. ಬೀಗತಿ ನೀಲವ್ವ ನೋಡೇ ಹಾಸಿದ್ಲು. ಚಹಾ ಮುಂಜಾನಿದು, ತಣ್ಣಗಿತ್ತು. ಮಾದ್ಲಿ ಒಯ್ದ ದಿನಾ ನನ್ನ ಮುಂದ ಆಕಳ ಬಾನಿಗೆ ಸುರದ್ಲು. ಮುಷ್ಟಿ ಜ್ವಾಳ ಭಿಕ್ಷಾ ಅಂದ್ರಿ. ಹೌದ್ರಿ, ಭಿಕ್ಷಾನ. ನೀಲವ್ವ ಹಾಕೂವಾಗ ಹಂಗಂತ ಬಾಯಿಬಿಟ್ಟು ಅಂದ್ಲಂತ. ಉಮಾನ ಫೋನಿನ್ಯಾಗ ಅತ್ತಗೋತ ಹೇಳಿದ್ಲು. ಆ ಜ್ವಾಳ ನಮ್ಮ ಜ್ವಾಳದಾಗ ಕೂಡಿಸಿ, ಬೀಸಿಸಿ, ನಿಮಗ ರೊಟ್ಟಿ ಬಡದ ಹಾಕೇನಿ. ಉಂಡೀರಿ."

ನಾನು ಧೋತರ ಸರಿಸಿ ಕಾಟಿನ ಮೇಲೆ ಕುಳಿತೆ.

"ನನಗ ಎಲ್ಲಾ ತಿಳೀತೈತ್ರಿ. ನಿಮಗಿಂತ ಮೊದ್ಲ ತಿಳೀತೈತಿ. ಆದ್ರ ತಿಳೀತು ಅಂದ್ರ ಎದ್ದ ಬರಬೇಕಾಗತೈತಿ. ನಾ ಎದ್ದ ಬಂದ್ರ ನನ್ನ ಮಗಳು ಆ ಬಾಗಲದಾಗ ನಿಂತು ದಾರಿ ನೋಡಕೋತ ಹೆರಬೇಕು. ಅದಕ್ಕ ತಿಳೀಲಿಲ್ಲ ನನಗ. ಈ ಮನಿಗೆ ಬಂದಾಗಿಂದ ಹಂಗ ಮಾಡೇನಿ. ನಿಮ್ಮವ್ವನ ಮಾತು ತಿಳೀಲಿಲ್ಲ, ನಿಮ್ಮ ಮಾತೂ ತಿಳೀಲಿಲ್ಲ. ತಿಳದಿದ್ರ ಎಂದೋ ಹೋಗತಿದ್ನಿ. ಊರು ಕೆಟ್ಟೈತಿ ಅಂತ ಮಗಳನ್ನ ಬಿಡಾಕ ಬರತೈತೇನ್ರಿ? ಇವತ್ತಿಲ್ಲಾ ನಾಳೆ ಆಕಿಗೂ ಬ್ಯಾಸರಾಗತೈತಿ. ಸಿಟ್ಟು ಮಾಡೂದೂ ಒಂದು ಕೆಲಸಾರಿ, ದಣಿವು ಬರತೈತಿ."

ಇಷ್ಟು ಹೇಳಿ ಅವಳು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ದಿನದಂತೆಯೇ ಬಂತು. ನಾನು ಮಾತ್ರ ಕಾಟಿನ ಮೇಲೆ ಕುಳಿತು, ಮೂವತ್ತನಾಲ್ಕು ವರ್ಷದಲ್ಲಿ ಅವಳಿಗೆ ತಿಳಿಯದೆ ಹೋದ ನನ್ನ ಮಾತುಗಳನ್ನು ಒಂದೊಂದಾಗಿ ನೆನೆದೆ. ನಾಚಿಕೆ ಆಯಿತು. ಬಹಳ ನಾಚಿಕೆ ಆಯಿತು. ಎದ್ದು ಧೋತರ ಉಟ್ಟೆ.

ಮಲಕಾಜಪ್ಪ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ. ನನ್ನನ್ನು ನೋಡಿಯೂ ಏಳಲಿಲ್ಲ. ಒಳಗೆ ತಿರುಗಿ ಹೆಂಡತಿಗೆ ಕೂಗಿದ: "ನೀಲವ್ವಾ, ಯಾರೋ ಬಂದಾರ ನೋಡ. ಬಸ್ ತಪ್ಪಿಸಿಕೊಂಡಾರೇನ ಕೇಳ."

ನನ್ನ ಕಿವಿ ಸುಟ್ಟವು. ಮೊದಲಿನ ದುಂಡಪ್ಪನಾಗಿದ್ದರೆ ಅಲ್ಲಿಂದಲೇ ತಿರುಗಿ, ನೂರಾ ಎಂಬತ್ತು ಹೆಜ್ಜೆಯನ್ನು ತೊಂಬತ್ತರಲ್ಲಿ ಮುಗಿಸುತ್ತಿದ್ದ. ಬಾಗಿಲ ಮರೆಯಲ್ಲಿ ಉಮಾಶ್ರೀ ನಿಂತಿದ್ದಳು. ಮೈ ತುಂಬಿಕೊಂಡಿದ್ದಳು, ಒಂದು ಕೈ ಸೊಂಟದ ಮೇಲೆ ಇತ್ತು. ಅವಳ ಕಣ್ಣಲ್ಲಿದ್ದದ್ದು ಸಂತೋಷವಲ್ಲ, ಹೆದರಿಕೆ. ಅಪ್ಪ ಈಗ ಏನೆನ್ನುತ್ತಾನೋ ಎಂಬ ಹೆದರಿಕೆ.

"ಇಲ್ರಿ ಬೀಗರ, ನಡಕೋತ ಬಂದೇನಿ" ಎಂದೆ. "ಬಿಸಲಾಗ ಬಂದೇನಿ ಅಂತ ಕೇಳಿದ್ರಿ, ಚಲೋ ಆತು. ನೀರ ಕೊಡಸ್ರಿ."

ಮಲಕಾಜಪ್ಪ ನನ್ನ ಮುಖ ನೋಡಿದ. ಇದು ಅವನು ಕಾದಿದ್ದ ಉತ್ತರವಲ್ಲ. ನೀಲವ್ವ ಕರುವಿನ ಹತ್ತಿರ ಗೋಣಿತಟ್ಟು ಒಗೆದಳು. ನಾನು ಕುಳಿತೆ. ಅದು ಹಸಿಯಾಗಿಯೇ ಇತ್ತು. ಇಸ್ತ್ರಿ ಮಾಡಿದ ಧೋತರ.

"ಭಾಳ ಗಾಳಿ ಐತ್ರಿ ಇಲ್ಲೆ. ಆಕಳ ಈ ಕರಾ ಯಾವಾಗ ಹಾಕೈತ್ರಿ?"

ಕರು ನನ್ನ ಟಾವೆಲ್ಲಿನ ಅಂಚು ಅಗಿಯತೊಡಗಿತು. ಅರ್ಧ ಲೋಟ ತಣ್ಣನೆಯ ಚಹಾ ಬಂತು. ಕುಡಿದೆ. "ಭಾಳ ಚಲೋ ಆಗೇತ್ರಿ, ಇನ್ನೊಂದೀಟ ಕೊಡ್ರಿ" ಎಂದೆ. ಎರಡನೆಯ ಲೋಟ ಬಂತು. ಅದನ್ನೂ ಕುಡಿದು ಲೋಟ ಮುಂದೆ ಹಿಡಿದೆ. ಮುಂಜಾನೆಯ ಚಹಾ ಮುಗಿದಿತ್ತೆಂದು ಕಾಣುತ್ತದೆ, ಒಳಗೆ ಒಲೆ ಹಚ್ಚಿದ ಸದ್ದು ಕೇಳಿತು. ಮೂರನೆಯ ಚಹಾ ಬಿಸಿಯಾಗಿತ್ತು. ಯಾವ ಮರೆವಿನಲ್ಲೋ ನೀಲವ್ವ ಶುಂಠಿಯನ್ನೂ ಹಾಕಿ, ಸ್ಟೀಲಿನ ಲೋಟ ಬಿಟ್ಟು ಕಪ್-ಬಸಿಯಲ್ಲೇ ತಂದಿದ್ದಳು. ತಂದ ಮೇಲೆ ಅವಳಿಗೆ ನೆನಪಾಯಿತು, ಆದರೆ ನಾನು ಆಗಲೇ ಬಸಿಗೆ ಸುರಿದುಕೊಂಡಿದ್ದೆ.

ಅವಮಾನ ಮಾಡುವುದು ಒಬ್ಬರಿಂದ ಆಗುವ ಕೆಲಸವಲ್ಲ ಎಂದು ಆಗ ಗೊತ್ತಾಯಿತು. ಎದುರಿನವನು ಕೈಜೋಡಿಸಬೇಕು. ಎರಡು ವರ್ಷ ನಾನು ಬಹಳ ಶ್ರದ್ಧೆಯಿಂದ ಕೈಜೋಡಿಸಿದ್ದೆ.

ಕೊನೆಗೆ ಮಲಕಾಜಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಈಗ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಎರಡ ವರ್ಷ ಎಲ್ಲಿದ್ರಿ? ಪಂಚಮಿಗೆ ಹುಡುಗಿ ಬಾಗಲದಾಗ ಕುಂತಿತ್ತು, ನಿಮ್ಮ ಕಡಿಂದ ಒಂದ ಮಾತ ಬರಲಿಲ್ಲ. ಈಗ ಮಗಳು ನೆನಪಾದ್ಲೇನು?"

ಇದನ್ನು ತಿಳಿಯದವನಂತೆ ಇರಲು ನನ್ನಿಂದ ಆಗಲಿಲ್ಲ. ಇದು ಸನ್ನೆಯಾಗಿರಲಿಲ್ಲ, ನಿಜವಾಗಿತ್ತು. ಬಸಿಯನ್ನು ಕೆಳಗಿಟ್ಟೆ.

"ಹೌದ್ರಿ" ಎಂದೆ. "ತಪ್ಪಾತು. ಕರಕೊಂಡ ಹೋಗಾಕ ಬಂದೇನಿ. ಕುಬಸ ಮಾಡಿ ಕಳಿಸಿ ಕೊಡ್ರಿ."

ಮಲಕಾಜಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಏನ ಅಂದ್ರೂ ಎದ್ದ ಹೋಗವಲ್ರಿ. ನಿಮಗ ಮಾತ ತಿಳಿಯೂದಿಲ್ಲೇನ್ರಿ?" ಎಂದ ಮಲಕಾಜಪ್ಪ. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

"ಇಲ್ರಿ ಬೀಗರ. ನಮ್ಮ ಮನ್ಯಾಗ ಇಬ್ಬರಿಗೂ ತಿಳಿಯೂದಿಲ್ಲ."

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ನಾನು ಓದಲು ಹೋಗಲಿಲ್ಲ. ಮಲಕಾಜಪ್ಪ ಕರುವಿನ ಕಡೆ ನೋಡುತ್ತ ಹೇಳಿದ: "ಬುಧವಾರ ಕುಬಸ. ಗುರುವಾರ ಕರಕೊಂಡ ಹೋಗ್ರಿ, ಅಮಾಸಿ ಬರೂದರೊಳಗ." ಕರುವನ್ನು ನೋಡಿ ಏಕೆ ಹೇಳಿದ, ನನ್ನನ್ನು ನೋಡಿ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಹಳೆಯ ಚಾಳಿಯಂತೆ ತಲೆಯಲ್ಲಿ ಎದ್ದಿತು. ಕೂಡು ಎಂದು ಅದನ್ನು ಕೂರಿಸಿದೆ.

ಬುಧವಾರ ಎರಡೂ ಓಣಿಯ ಹೆಂಗಸರು ಬಂದರು. ಜಮಖಾನದ ಒಂದು ಬದಿಗೆ ಇವರು, ಇನ್ನೊಂದು ಬದಿಗೆ ಅವರು, ನಡುವೆ ಹಸಿರು ಸೀರೆಯಲ್ಲಿ ಉಮಾಶ್ರೀ. ಸೋಬಾನದ ಪದ ಹಾಡಲು ಒಂದು ಕಡೆಯವರು ಎತ್ತಿಕೊಡಬೇಕು, ಇನ್ನೊಂದು ಕಡೆಯವರು ಹಿಡಿಯಬೇಕು. ದೂರ ಕುಳಿತದ್ದರಿಂದ ಹಾಡು ಬಹಳ ಚೆನ್ನಾಗಿ ಬಂತು. ಊರಿನ ಜಗಳದಿಂದ ಆದ ಲಾಭ ಅದೊಂದೇ. ಕೇಸು ಇನ್ನೂ ಇದ್ದೇ ಇದೆ, ಮುಂದಿನ ತಾರೀಖೂ ಬಿದ್ದಿದೆ.

ಗುರುವಾರ ಮುಂಜಾನೆ ಮಗಳನ್ನು ಕರೆದುಕೊಂಡು ಹೊರಟೆ. ಕಲ್ಮೇಶ ಕಿತ್ತೂರಿನ ಕೆಲಸಕ್ಕೆ ರಜೆ ಹಾಕಿ ಚೀಲ ಹಿಡಿದು ಹಿಂದೆ ಬಂದ. ಅವಳು ನಿಧಾನ ಹೆಜ್ಜೆ ಇಡುತ್ತಿದ್ದಳು, ಎರಡೂ ಚಹಾದಂಗಡಿಗಳು ಸುಮ್ಮನಾದವು. ಗುರುನಾಥ ಮಾತ್ರ, "ಏನ್ ಸಾಹೇಬ್ರ, ಪಕ್ಷಾ ಬದಲೀ ಮಾಡಿದ್ರೇನು?" ಎಂದ. "ಹೌದ್ರಿ, ಅಜ್ಜ ಆಗಾಕ ಹತ್ತೇನಿ, ನೀವೂ ಬರ್ರಿ ಚಹಾಕ್ಕ" ಎಂದು ಮುಂದೆ ನಡೆದೆ. ಅವನು ಆ ಮಾತನ್ನು ಇನ್ನೂ ಬಿಡಿಸುತ್ತಿರಬಹುದು.

ಮನೆಯಲ್ಲಿ ಸಾವಿತ್ರೆವ್ವ ರೊಟ್ಟಿ ತುಂಡು, ನೀರು ನಿವಾಳಿಸಿ ಚೆಲ್ಲಿ ಮಗಳನ್ನು ಒಳಗೆ ಕರೆದಳು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಉಮಾಶ್ರೀ ಒಂದು ತಂಬಿಗೆ ನೀರು ಕುಡಿದಳು. ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನಿದೆ ಎಂದು ಊಹಿಸುವುದನ್ನು ಬಿಟ್ಟು, ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ: "ಏನವ್ವಾ?"

"ಅಪ್ಪಾ, ದಿನಾ ಮುಂಜಾನಿ ನೀ ಮಾಳಿಗಿ ಮ್ಯಾಲ ನಿಂತು ನಮ್ಮನಿ ಕಡೆ ನೋಡತಿದ್ದಿ. ನಾ ಮಾಳಿಗಿ ಏರಿ ಕೈ ಮಾಡಿದ ಕೂಡ್ಲೆ ಇಳದ ಹೋಗತಿದ್ದಿ. ನನ್ನ ಮ್ಯಾಲ ಅಷ್ಟ ಸಿಟ್ಟ ಇತ್ತೇನು?"

ನೀರಿನ ಟಾಕಿ ನೋಡುವ ನೆಪದಲ್ಲಿ ದಿನಾ ಮಾಳಿಗೆ ಹತ್ತುತ್ತಿದ್ದದ್ದು ನಿಜ, ಸಾವಿತ್ರೆವ್ವನಿಗೂ ಹೇಳಿರಲಿಲ್ಲ. ಆಚೆಯ ಮಾಳಿಗೆಯಲ್ಲಿ ಅವಳು ಕೈ ಬೀಸುವುದು ಕಾಣುತ್ತಿತ್ತು. ಒಣಹಾಕಿದ ಕಾಳಿಗೆ ಬಂದ ಕಾಗೆ ಓಡಿಸುತ್ತಿದ್ದಾಳೆ, ನನ್ನ ಕಡೆ ನೋಡುತ್ತಲೂ ಇಲ್ಲ ಎಂದುಕೊಂಡು ಇಳಿದು ಬರುತ್ತಿದ್ದೆ. ಎರಡು ವರ್ಷ ಹಾಗೆಯೇ ಅಂದುಕೊಂಡೆ. ಶ್ರಾವಣದಲ್ಲೂ ಅವಳು ಕೈ ಬೀಸುತ್ತಿದ್ದಳು. ಶ್ರಾವಣದ ಮಳೆಯಲ್ಲಿ ಯಾರ ಮನೆಯ ಮಾಳಿಗೆಯ ಮೇಲೂ ಕಾಳು ಒಣಹಾಕುವುದಿಲ್ಲ.